ಒಂದು ಕೈ ಅಜ್ಜಿಯದು, ಒಂದು ಕೈ ಅಜ್ಜನದು

ನಗಬಾರದ ಜಾಗದಲ್ಲೇ ನನಗೆ ನಗು ಬರೋದು. ಶಾಲೆಯಲ್ಲಿ ಪ್ರಾರ್ಥನೆ ನಡೆಯುವಾಗ ಬಂದಿದೆ, ಸಾವಿನ ಮನೆಯಲ್ಲಿ ಬಂದು ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದ್ದೇನೆ. ಈಗ ಈ ವಯಸ್ಸಿನಲ್ಲಿ ಡಯಾಲಿಸಿಸ್ ವಾರ್ಡಿನಲ್ಲೂ ಶುರುವಾಗಿದೆ.

ನಾನು ರಿಟೈರಾದ ಡ್ರಾಯಿಂಗ್ ಟೀಚರು, ಚಿತ್ರದುರ್ಗದವಳು. ನನ್ನ ಹತ್ತಿರ ಆನೆ ಬರೆಯೋದಕ್ಕೆ ಹೋಗಿ ಹಂದಿ ಬರೆಯುತ್ತಿದ್ದ ಹುಡುಗನೊಬ್ಬ ಈಗ ಕಿಡ್ನಿ ಡಾಕ್ಟರು. ಅವನೇ ಒಂದು ದಿನ ಮನೆಗೆ ಬಂದ. "ಮಿಸ್, ನಮ್ಮ ಪೇಶೆಂಟುಗಳು ಮೆಷೀನಿಗೆ ಒಂದು ಕೈ ಕೊಟ್ಟು ನಾಲ್ಕು ತಾಸು ಸೂರು ನೋಡ್ತಾ ಮಲಗಿರ್ತಾರೆ. ಬೇಜಾರಾಗಿ ಕೆಲವರು ಬರೋದೇ ಬಿಟ್ಟುಬಿಡ್ತಾರೆ. ಬಿಟ್ಟರೆ ಜೀವ ಉಳಿಯಲ್ಲ. ನೀವು ಬಣ್ಣ ತಗೊಂಡು ಬನ್ನಿ. ಚಿತ್ರ ಬರದಿದ್ರೂ ಚಿಂತೆಯಿಲ್ಲ, ಜನ ಬರಬೇಕು ಅಷ್ಟೆ" ಅಂದ.

ಹಾಗೆ ಬಣ್ಣದ ಚೀಲ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಕಲಿಸೋಕೆ ಅಂತ ಹೋದವಳು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತದ್ದೇ ಹೆಚ್ಚು.

ನೀಲಿ ಕ್ರೇಯಾನ್

ಮೊದಲು ಹಿರಿಯೂರು. "ನಿಮ್ಮ ಮನಸ್ಸಿಗೆ ತುಂಬಾ ಇಷ್ಟವಾದದ್ದು ಏನಿದೆಯೋ ಅದನ್ನೇ ಬರೀರಿ" ಎಂದು ಶಾಲೆಯ ದನಿಯಲ್ಲೇ ಹೇಳಿದೆ.

ಒಬ್ಬರು ಎಳನೀರು ಬರೆದರು. ಇನ್ನೊಬ್ಬರು ಚೊಂಬು. ಮತ್ತೊಬ್ಬರು ನೀರು ಚಿಮ್ಮುವ ಬೋರ್‌ವೆಲ್ಲು. ಕಿಟಕಿ ಪಕ್ಕದ ಹಾಸಿಗೆಯ ಯಜಮಾನರಂತೂ ಹಾಳೆ ತುಂಬಾ ಮಾರಿಕಣಿವೆ ಡ್ಯಾಮು ಬರೆದು, ಕೋಡಿ ಬೀಳಿಸಿ, ನನ್ನ ನೀಲಿ ಕ್ರೇಯಾನನ್ನೇ ಮುಗಿಸಿಬಿಟ್ಟರು. ನಮ್ಮ ಸೀಮೆಯವರಿಗೆ ನೀರು ಅಂದ್ರೆ ಇಷ್ಟೊಂದು ಪ್ರೀತಿಯಾ ಅಂತ ನನಗೆ ಕಣ್ಣು ತುಂಬಿ ಬಂತು.

ಸಿಸ್ಟರ್ ಬಂದು ನೋಡಿ ತಲೆ ಚಚ್ಚಿಕೊಂಡಳು. "ಅಯ್ಯೋ ಮಿಸ್! ಇವರ ಕಿಡ್ನಿ ನೀರು ಹೊರಗೆ ಹಾಕಲ್ಲ ಅಂತ ದಿನಕ್ಕೆ ಇಷ್ಟೇ ಲೋಟ ಕುಡೀರಿ ಅಂತ ಬಡ್ಕೊಳ್ತೀವಿ. ನೀವು ಡ್ಯಾಮಿನ ಗೇಟೇ ತೆಗೆದುಬಿಟ್ರಲ್ಲ!"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಾರಿ ಮಲಗಿದವರ ಮುಂದೆ ಎಂಥ ಪ್ರಶ್ನೆ ಇಟ್ಟಿದ್ದೆ! ಆದರೆ ಯಜಮಾನರು ಒಂಚೂರೂ ಬೇಜಾರು ಮಾಡಿಕೊಳ್ಳದೆ ಆ ಹಾಳೆಯನ್ನು ಮನೆಗೊಯ್ದು ಮಂಚದ ಎದುರಿಗೆ ಅಂಟಿಸಿಕೊಂಡರಂತೆ. ಮುಂದಿನ ವಾರ ತೂಕದ ಮೆಷೀನಿನ ಮೇಲೆ ನಿಂತಾಗ, ಮೈಯಲ್ಲಿ ಸೇರಿದ ನೀರು ಯಾವತ್ತಿಗಿಂತ ಕಮ್ಮಿ. ಸಿಸ್ಟರ್ ನಂಬಲಾರದೆ ಎರಡು ಸಲ ನೋಡಿದಳು.

"ದಾಹ ಆದಾಗೆಲ್ಲ ಡ್ಯಾಮ್ ನೋಡ್ತಿದ್ದೆ ಕಣಮ್ಮ. ಬರೆದ ನೀರು ತೂಕಕ್ಕೆ ಬರಲ್ಲ ನೋಡು" ಅಂದರು.

ಸೂಜಿಯ ಸೈಜು

ಹೊಳಲ್ಕೆರೆಯಲ್ಲಿ ಬುದ್ಧಿ ಬಂದಿತ್ತು. ನೀರಿನ ಸುದ್ದಿಯೇ ಬೇಡ ಅಂತ "ನಿಮ್ಮ ಕಣ್ಣೆದುರಿಗೆ ಇರೋರನ್ನ ಬರೀರಿ" ಅಂದೆ. ಎಲ್ಲರ ಕಣ್ಣೆದುರಿಗೆ ಇದ್ದವನು ಒಬ್ಬನೇ, ಸೂಜಿ ಚುಚ್ಚುವ ಟೆಕ್ನಿಷಿಯನ್ನು. ಒಳ್ಳೆಯ ಹುಡುಗ, ಆದರೆ ಮಾತಿಲ್ಲ ಕತೆಯಿಲ್ಲ, ಬಂದವನೇ ಚುಚ್ಚಿ ಮುಂದಿನ ಹಾಸಿಗೆಗೆ ಹೋಗುವ ಗಡಿಬಿಡಿ.

ತಾಳ್ಯ ಕಡೆಯ ಅಕ್ಕ ಒಬ್ಬಳು ಬರೆದ ಚಿತ್ರದಲ್ಲಿ ಅವನು ಬೆರಳಷ್ಟಿದ್ದ, ಕೈಯಲ್ಲಿದ್ದ ಸೂಜಿ ಮಾತ್ರ ಹಾರೆಯಷ್ಟಿತ್ತು.

ಹುಡುಗನ ಮುಖ ಸಪ್ಪಗಾಯಿತು. "ನಾನು ಹಿಂಗೆ ಕಾಣ್ತೀನಾ ಅಕ್ಕ?" ಅಂದ.

"ನಂಗೆ ಕಾಣ್ಸಿದ್ದು ಬರ್ದೀನಪ್ಪ" ಅಂದಳು ಅಕ್ಕ.

ಆಮೇಲೆ ಅವನು ಚುಚ್ಚುವ ಮುಂಚೆ ನಿಲ್ಲತೊಡಗಿದ. "ಊಟ ಆಯ್ತಾ ಅಕ್ಕ? ಈಗ ಹಾಕ್ತೀನಿ, ಉಸಿರು ಬಿಡ್ರಿ" ಅನ್ನತೊಡಗಿದ. ಅಕ್ಕನ ಚಿತ್ರದಲ್ಲಿ ಹಾರೆ ಕುಡುಗೋಲಾಯಿತು, ಕುಡುಗೋಲು ಕಡ್ಡಿಯಾಯಿತು. ಸೂಜಿ ಅದೇ, ಕೈಯೂ ಅದೇ. ನಾನು ಇಷ್ಟು ವರ್ಷ ಡ್ರಾಯಿಂಗ್ ಕಲಿಸಿದ್ದೇನೆ, ಚಿತ್ರವೊಂದು ಇಂಥ ಕೆಲಸ ಮಾಡಿದ್ದನ್ನು ಕಂಡಿರಲಿಲ್ಲ.

ಹುಡುಗನಿಗೆ ಆಸೆ ಹೆಚ್ಚಾಯಿತು. "ಅಕ್ಕ, ಇನ್ನೊಂಚೂರು ಸಣ್ಣದು ಮಾಡ್ರಿ" ಅಂದ.

"ಮೊದ್ಲು ನೀನು ಮಾಡು, ಆಮೇಲೆ ನಾನು ಮಾಡ್ತೀನಿ" ಅಂದಳು.

ಕುರಿ ಗಂಟು

ಹೊಸದುರ್ಗದ ವಾರ್ಡಿನಲ್ಲಿ ನನ್ನ ಪ್ರಾಣ ಹಿಂಡಿದವರು ಇಬ್ಬರು. ಒಬ್ಬಾಕೆ ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಅಜ್ಜಿ. ಇನ್ನೊಬ್ಬ ಶ್ರೀರಾಂಪುರದ ಕಡೆಯ ಕುರಿ ಕಾಯುವ ಅಜ್ಜ. ಅಕ್ಕಪಕ್ಕದ ಹಾಸಿಗೆ. ಅಜ್ಜಿಗೆ ಸೂಜಿ ಬಲಗೈಗೆ, ಅಜ್ಜನಿಗೆ ಎಡಗೈಗೆ. ಸೂಜಿ ಇರುವ ಕೈ ಅಲ್ಲಾಡಿಸುವ ಹಾಗಿಲ್ಲ.

ಅಜ್ಜ ಪ್ರತಿ ಸಲ ಹೊರಡುವಾಗ ಒಂದೇ ಮಾತು. "ಸಾಕಾತು. ಇನ್ನು ಬರಾಕಿಲ್ಲ. ಕುರಿ ಹಿಂದೆ ಹೋಗಿ ಅಲ್ಲೇ ಕಣ್ಣು ಮುಚ್ತೀನಿ." ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮಿಸ್, ಇವರು ಮಾತಿಗೆ ಹೇಳ್ತಿಲ್ಲ, ಹೋಗೇ ಹೋಗ್ತಾರೆ. ಹೇಗಾದ್ರೂ ಹಿಡ್ಕೊಳ್ಳಿ" ಅಂದಿದ್ದ. ಆದರೆ ಅಜ್ಜ ಬಣ್ಣ ಮುಟ್ಟಲ್ಲ, ಪೆನ್ಸಿಲ್ ಹಿಡಿಯಲ್ಲ.

ಅಜ್ಜಿಗೆ ಹೂ ಕಟ್ಟುವ ಆಸೆ. ವಾರ್ಡಿನೊಳಗೆ ನಿಜವಾದ ಹೂ ಬಿಡಲ್ಲ ಅಂತ ನಾನು ಬಣ್ಣದ ಕಾಗದದ ಹೂ ಮಾಡಿ ತಂದೆ. ಆದರೆ ಒಂದು ಕೈಯಲ್ಲಿ ಹೂ ಕಟ್ಟೋದು ಹೇಗೆ? ಅಜ್ಜಿ ಎಡಗೈಯಲ್ಲಿ ಹೂ ಹಿಡಿದು ಪಕ್ಕದ ಹಾಸಿಗೆಯ ಕಡೆ ಚಾಚಿದಳು.

"ಏನಪ್ಪಾ, ನಿನ್ ಬಲಗೈ ಸುಮ್ನೆ ಬಿದ್ದೈತಲ್ಲ, ಇತ್ಲಾಗೆ ಕೊಡು."

"ಹೂ ಕಟ್ಟದು ಹೆಂಗಸ್ರ ಕೆಲಸ."

"ದಾರ ಹೆಂಗಸ್ರ ಕೈಗೊಂದು ಥರ, ಗಂಡಸ್ರ ಕೈಗೊಂದು ಥರ ಇರತೈತೇನು? ಸುತ್ತು."

ಅಜ್ಜ ಗೊಣಗುತ್ತಲೇ ಸುತ್ತಿದ. ಎರಡು ಹಾಸಿಗೆಯ ನಡುವೆ ಒಂದು ಎಡಗೈ, ಒಂದು ಬಲಗೈ. ಎರಡು ಮೈಯಿಂದ ಒಂದು ಜೊತೆ ಕೈ! ಯಾರು ಕಲಿಸಿದ್ದು ಇವರಿಗೆ? ನಾನಂತೂ ಅಲ್ಲ.

ಅಷ್ಟರಲ್ಲಿ ಅಜ್ಜಿ ಕೂಗಿದಳು. "ಮೆಲ್ಲಗಪ್ಪೋ! ಹೂವಿನ ಕುತ್ತಿಗೆ ಮುರಿತೈತಿ. ಕುರಿ ಕಟ್ಟಿದಂಗೆ ಕಟ್ತೀಯಲ್ಲ!"

"ಸಡ್ಲ ಬಿಟ್ರೆ ತಪ್ಪಿಸ್ಕಂಡು ಹೋಗ್ತಾವಕ್ಕ" ಅಂದ ಅಜ್ಜ.

ಟಗರು

ಹಾರ ಬೆಳೆಯಿತು. ಅಜ್ಜ "ಬರಾಕಿಲ್ಲ" ಅನ್ನುವುದನ್ನು ಮರೆತ ಹಾಗಿತ್ತು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆದರೆ ಮೇವಿಗಾಗಿ ಕುರಿ ದೂರದ ಸೀಮೆಗೆ ಹೊರಡುವ ಕಾಲ ಬಂತು ನೋಡಿ, ಒಂದು ದಿನ ಅಜ್ಜ ಬರಲೇ ಇಲ್ಲ.

ಅಜ್ಜಿ ಫೋನ್ ತರಿಸಿಕೊಂಡಳು. ಬುದ್ಧಿ ಹೇಳಲಿಲ್ಲ, ಅಳಲಿಲ್ಲ. "ಅರ್ಧ ಹಾರ ನನ್ ತಲೆ ಮೇಲೆ ಹಾಕಿ ಹೋದ್ಯೇನಪ್ಪ? ಹಿಡಿದ ಕೆಲಸ ಮುಗಿಸಿ ಎಲ್ಲಿಗಾದ್ರೂ ಹೋಗು" ಅಂದು ಇಟ್ಟಳು.

ಮುಂದಿನ ಸರದಿಯ ದಿನ ಆಸ್ಪತ್ರೆಯ ಕಾಂಪೌಂಡಿನಲ್ಲಿ ಬ್ಯಾ ಬ್ಯಾ ಅಂತ ಗಲಾಟೆ. ಹೊರಗೆ ಹೋಗಿ ನೋಡಿದರೆ ಹಿಂಡಿಗೆ ಹಿಂಡೇ ಬಂದಿದೆ! ಜೊತೆಗೆ ಅಜ್ಜನ ತಮ್ಮನ ಮಕ್ಕಳು, ಕಂಬಳಿ, ಗಂಟುಮೂಟೆ. ವಾಚ್‌ಮನ್ ಕೋಲು ಹಿಡಿದು ಅತ್ತ ಓಡಿದರೆ ಕುರಿ ಇತ್ತ ಬರುತ್ತಿವೆ. ಅಜ್ಜನ ಮುಖ ಊದಿತ್ತು, ಏದುಸಿರು ಬರುತ್ತಿತ್ತು. "ಹಾರ ಮುಗಿಸಿ ಹಂಗೇ ಹೊಂಟೆ. ಕೊನೇ ಸಲ ಇದು" ಅಂದ.

ಆ ದಿನ ಇಬ್ಬರೂ ಉಳಿದದ್ದನ್ನು ಕಟ್ಟಿದರು. ಕೊನೆಯ ಗಂಟು ಬಿತ್ತು. ವಾರ್ಡಿನವರೆಲ್ಲ ಇದ್ದೊಂದು ಕೈಯಿಂದ ಮಂಚ ಬಡಿದು ಚಪ್ಪಾಳೆ ಮಾಡಿದರು. ಅಜ್ಜಿ ಆಯಾಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿ ಹಾರ ಕೊಟ್ಟು ಕಳಿಸಿದಳು. ಆಯಾ ಅದನ್ನು ಹೊರಗಿನ ವರಾಂಡದ ಕಂಬಿಗೆ ಕಟ್ಟಿದಳು, ಹೋಗಿಬರುವವರು ನೋಡಲಿ ಅಂತ ಇರಬೇಕು ಅಂದುಕೊಂಡೆ.

ಮೆಷೀನು ಬಿಚ್ಚಿ, ಕೈಗೆ ಪಟ್ಟಿ ಸುತ್ತಿಸಿಕೊಂಡು ಅಜ್ಜ ಹೊರಗೆ ಬಂದ. ನಾನೂ ಬಂದೆ. ಅಜ್ಜನ ಮುದ್ದಿನ ಟಗರು ಹಾರದ ಕೊನೆಯ ಹೂವನ್ನು ಆರಾಮಾಗಿ ಅಗಿಯುತ್ತಾ ನಮ್ಮನ್ನೇ ನೋಡುತ್ತಿತ್ತು! ಮೂತಿಗೆ ಒಂದು ಹಳದಿ ಎಸಳು ಅಂಟಿಕೊಂಡಿತ್ತು.

ಅಷ್ಟು ವಾರಗಳ ಕೆಲಸ! ನನಗೆ ಅಳು ಬರಬೇಕಿತ್ತು, ನಗು ಬಂತು. ಸೆರಗು ಬಾಯಿಗಿಟ್ಟುಕೊಂಡೆ.

ಅಜ್ಜ ಮಾತ್ರ ನಗಲಿಲ್ಲ. ವಾರ್ಡಿನ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತ. ಒಬ್ಬರ ಹೊಲದಲ್ಲಿ ತನ್ನ ಕುರಿ ಬಾಯಿ ಹಾಕಿದರೆ ನಷ್ಟ ತುಂಬಿಕೊಡದೆ ಮುಂದೆ ಹೆಜ್ಜೆ ಇಡುವ ಜಾಯಮಾನ ಅವನದಲ್ಲ.

"ತಪ್ಪಾತು ಅಕ್ಕ. ನನ್ ಟಗರು ತಿಂದೈತೆ. ಮೊದಲಿಂದ ಕಟ್ಟಿಕೊಡ್ತೀನಿ."

"ಹೂಂ, ಇನ್ನೇನ್ ಮಾಡಾಕಾಗತೈತಿ? ಗುರುವಾರ ಬಾ" ಅಂದಳು ಅಜ್ಜಿ, ಮುಖ ಗಂಟು ಹಾಕಿಕೊಂಡು.

ಅಜ್ಜ ತಮ್ಮನ ಮಕ್ಕಳ ಜೊತೆ ಕುರಿ ಕಳಿಸಿ ಊರ ಬಸ್ಸು ಹತ್ತಿದ. ನಾನು ಒಳಗೆ ಬಂದು ಆಯಾಳ ಮೇಲೆ ಹರಿಹಾಯ್ದೆ. "ಕುರಿ ಓಡಾಡೋ ಜಾಗದಲ್ಲಿ, ಅದೂ ಮೊಣಕಾಲೆತ್ತರಕ್ಕೆ ಯಾರಾದ್ರೂ ಹಾರ ಕಟ್ತಾರೇನೇ? ಒಂಚೂರು ಮೇಲೆ ಕಟ್ಟಬಾರದಿತ್ತಾ?"

ಆಯಾ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಸೂರು ನೋಡುತ್ತಾ ಮಲಗಿದ್ದವಳು ನಿಧಾನಕ್ಕೆ ನನ್ನ ಕಡೆ ತಿರುಗಿದಳು.

"ಅವಳ್ನ ಯಾಕೆ ಬೈತೀಯವ್ವ? ಮೇಲೆ ಕಟ್ಟಿದ್ರೆ ಟಗರಿಗೆ ಎಟುಕ್ತಿತ್ತಾ?"