ಗ್ರಾಮಸೇವಕ ಶೀನಪ್ಪನೂ ಉಬರ್ ಮೀನೂ

ಏಳು ತಿಂಗಳ ಬಸುರಿ ಸ್ವರ್ಣಲತಾಳಿಗೆ ಮಾವಿನಕಾಯಿಯ ಮೇಲೆ ಆಸೆಯಾಗಿದ್ದರೆ ಶೀನಪ್ಪನ ಬದುಕು ಸುಸೂತ್ರವಾಗಿ ಸಾಗುತ್ತಿತ್ತು. ಅವಳಿಗೆ ಆಸೆಯಾದದ್ದು ಉಬರ್ ಮೀನಿನ ಹುಳಿಖಾರದ ಸಾರು ಪುಳಿಮುಂಚಿಯ ಮೇಲೆ.

ಮಳೆಗಾಲದ ಮೊದಲ ದೊಡ್ಡ ಮಳೆ ಹೊಡೆದು ತೋಡಿನಲ್ಲಿ ಕೆಂಪು ನೀರು ಹರಿಯತೊಡಗಿದರೆ ಸಾಕು, ಹೊಳೆಯ ಮೀನುಗಳು ಮೊಟ್ಟೆ ಇಡಲಿಕ್ಕೆ ನೀರಿಗೆ ಎದುರಾಗಿ ಗದ್ದೆಗಳಿಗೆ ಹತ್ತಿ ಬರುತ್ತವೆ. ಅದೇ ಉಬರ್. ಆ ಎರಡು ಮೂರು ದಿನ ಊರಿಗೆ ಊರೇ ಬುಟ್ಟಿ, ಕತ್ತಿ, ಹಳೆಯ ಪಂಚೆ ಹಿಡಿದು ತೋಡಿಗೆ ಇಳಿಯುತ್ತದೆ. ಮೊಟ್ಟೆ ತುಂಬಿದ ಆ ಮೀನಿನ ಸಾರನ್ನು ಒಮ್ಮೆ ಉಂಡವರು ಮುಂದಿನ ವರ್ಷದ ತನಕ ಅದರ ಮಾತನ್ನೇ ಆಡುತ್ತಾರೆ.

ಆದರೆ ಶೀನಪ್ಪ ನೆರಿಯದ ದಾರಿಯಲ್ಲಿದ್ದ ಒಂದು ಹಳ್ಳಿಯ ಗ್ರಾಮಸೇವಕ. ಅರವತ್ತೆರಡನೇ ಇಸವಿಯ ಆ ಮಳೆಗಾಲಕ್ಕೆ ಸರಿಯಾಗಿ ಮೇಲಿನಿಂದ ಒಂದು ಸರ್ಕ್ಯುಲರ್ ಬಂದಿತ್ತು: ಒಂದು ತಾಯಿಮೀನಿನ ಹೊಟ್ಟೆಯಲ್ಲಿ ಸಾವಿರಾರು ಮೊಟ್ಟೆ ಇರುತ್ತವೆ, ಹದಿನೈದು ದಿನ ಅವುಗಳ ದಾರಿಗೆ ಅಡ್ಡ ಬಾರದಿದ್ದರೆ ಹೊಳೆ ವರ್ಷವಿಡೀ ತುಂಬಿರುತ್ತದೆ, ಆದ್ದರಿಂದ ಉಬರ್ ಮೀನು ಹಿಡಿಯದಂತೆ ಜನರಿಗೆ ತಿಳಿಹೇಳತಕ್ಕದ್ದು. ಶೀನಪ್ಪ ಹದಿನೈದು ದಿನ ಮನೆಮನೆ ತಿರುಗಿ ತಿಳಿಹೇಳಿದ. ಶಾಲೆಯ ಗೋಡೆಯ ಮೇಲೆ ಕಾವಿಯಲ್ಲಿ ಬರೆಸಿದ. ಗುರುವಪ್ಪ ಎಂಬ ದೊಡ್ಡ ಕುಳವನ್ನು ಅಧ್ಯಕ್ಷನನ್ನಾಗಿ ಮಾಡಿ ಮೀನು ಸಂರಕ್ಷಣಾ ಸಮಿತಿಯನ್ನೂ ಕಟ್ಟಿದ. ಊರಿನಲ್ಲಿ ಅತಿ ಹೆಚ್ಚು ಉಬರ್ ಮೀನು ತಿಂದವರು ಯಾರು ಎಂದು ಪಂದ್ಯ ಇಟ್ಟಿದ್ದರೂ ಗೆಲ್ಲುತ್ತಿದ್ದವನು ಗುರುವಪ್ಪನೇ.

ಇಷ್ಟೆಲ್ಲ ಉತ್ಸಾಹಕ್ಕೆ ಕಾರಣವಿತ್ತು. ಶೀನಪ್ಪನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬ್ಲಾಕಿನ ಆಫೀಸರು ಸುಧಾಕರ ಶೆಟ್ಟರು ಉಬರಿನ ದಿನವೇ ಬಂದು ನೋಡಿ, ಆಮೇಲೆ ಶಿಫಾರಸು ಬರೆಯುವುದೆಂದು ಹೇಳಿದ್ದರು.

ಆ ದಿನ ಬಂತು. ರಾತ್ರಿಯಿಡೀ ಮಳೆ ಹೊಯ್ದು ಬೆಳಗಾಗುವಾಗ ತೋಡು ಭೋರ್ಗರೆಯುತ್ತಿತ್ತು. ಶೀನಪ್ಪ ಮುಖ ತೊಳೆದು ಒಳಗೆ ಬಂದರೆ ಮಗಳನ್ನು ಹೆರಿಗೆಗೆ ಕರೆದೊಯ್ಯಲು ಪೊಳಲಿಯಿಂದ ಬಂದಿದ್ದ ಅತ್ತೆ ಪದ್ಮಾಕ್ಷಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅಳಿಯಂದಿರೇ, ಮಗಳು ರಾತ್ರಿಯಿಂದ ಉಬರ್ ಮೀನು ಅಂತ ಜಪ ಮಾಡ್ತಾ ಇದ್ದಾಳೆ."

"ಅತ್ತೆ, ಇವತ್ತು ಆಫೀಸರು ಬರ್ತಾರೆ. ಊರಿಗೆಲ್ಲ ಹಿಡಿಯಬೇಡಿ ಅಂತ ಹೇಳಿ ನಾನೇ ಮನೆಗೆ ತಂದರೆ ನನ್ನ ಕೆಲಸ ಉಳೀತದಾ?"

"ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರ್ತದೆ. ಆಗ ನಿಮ್ಮ ಸರ್ಕಾರ ಬಂದು ಮದ್ದು ಬಿಡ್ತದಾ?"

ಸ್ವರ್ಣಲತಾ ಗೋಡೆಗೆ ಒರಗಿ ಕೂತು ಗಂಡನ ಮುಖವನ್ನೇ ನೋಡಿದಳು. ಅವಳ ಮೇಲೆ ಅವನಿಗೆ ನಿಜವಾಗಿಯೂ ಪ್ರೀತಿಯಿತ್ತು. ಕೊಡೆ ಹಿಡಿದು ಹೊರಟ.

ಯಾರೋ ಹಿಡಿದದ್ದರಲ್ಲಿ ಒಂದು ಮೀನು ಗುಟ್ಟಾಗಿ ಕೇಳಿ ತರುವುದು ಅವನ ಉಪಾಯ. ಮೊದಲು ಹುಕ್ರಪ್ಪನ ಮನೆಗೆ ಹೋದ. ಅಂಗಳದಲ್ಲಿ ಒದ್ದೆ ಬುಟ್ಟಿ ಬೋರಲು ಬಿದ್ದಿತ್ತು, ಹುಕ್ರಪ್ಪನ ಮೊಣಕಾಲ ತನಕ ಕೆಸರಿತ್ತು.

"ಹುಕ್ರಪ್ಪಣ್ಣ, ಒಂದು ಮೀನು ಇದ್ದರೆ ಕೊಡಿ. ಯಾರಿಗೂ ಹೇಳುವುದಿಲ್ಲ."

"ಮೀನಾ?" ಹುಕ್ರಪ್ಪ ಆ ಹೆಸರನ್ನೇ ಹೊಸದಾಗಿ ಕೇಳಿದವನಂತೆ ನಿಂತ. "ನೀವು ಹೇಳಿದ ಮೇಲೆ ನಾವು ಮುಟ್ಲಿಕ್ಕುಂಟಾ ಸ್ವಾಮಿ? ಬೇಕಾದರೆ ಅಡುಗೆಮನೆಗೆ ಬಂದು ನೋಡಿ, ಮೀನಿನ ಒಂದು ಮುಳ್ಳೂ ಇಲ್ಲ. ಕೂತ್ಕೊಳ್ಳಿ, ಬೆಲ್ಲ ನೀರು ಕುಡಿಯಿರಿ."

ಶೀನಪ್ಪ ಬೆಲ್ಲ ತಿಂದು ನೀರು ಕುಡಿದು ಲೋಲಾಕ್ಷಿಯ ಮನೆಗೆ ಹೋದ. ಲೋಲಾಕ್ಷಿಯ ಬಾಯಿ ಊರಿಗೇ ಪ್ರಸಿದ್ಧ.

"ಪರೀಕ್ಷೆ ಮಾಡ್ಲಿಕ್ಕೆ ಬಂದದ್ದಾ?" ಎಂದಳು. "ನಮ್ಮಲ್ಲಿ ಇದ್ದಿದ್ದರೆ ಉಂಟು ಅಂತಿದ್ದೆ, ನನಗೇನು ಹೆದರಿಕೆಯಾ? ಇಲ್ಲ. ಬೆಲ್ಲ ನೀರು ತೆಗೊಳ್ಳಿ."

ಸಮಿತಿಯ ಅಧ್ಯಕ್ಷ ಗುರುವಪ್ಪನಂತೂ ಶೀನಪ್ಪನ ಕೈ ಹಿಡಿದು ಜಗಲಿಯಲ್ಲಿ ಕೂರಿಸಿ, ಮೀನಿನ ಸಂತತಿಯ ಬಗ್ಗೆ ಶೀನಪ್ಪನೇ ಹೇಳಿಕೊಟ್ಟ ಭಾಷಣವನ್ನು ಅವನಿಗೇ ಒಪ್ಪಿಸಿದ. ಏಳು ಮನೆ ಸುತ್ತುವಾಗ ಶೀನಪ್ಪನ ಹೊಟ್ಟೆ ನೀರು ತುಂಬಿದ ಕೊಡದ ಹಾಗೆ ತುಳುಕುತ್ತಿತ್ತು. ಹದಿನೈದು ದಿನದ ಹಿಂದೆ ಇವರು ಇಷ್ಟು ಚೆನ್ನಾಗಿ ಮಾತು ಕೇಳುತ್ತಾರೆಂದು ಯಾರಾದರೂ ಹೇಳಿದ್ದರೆ ಅವನು ಕುಣಿದಾಡುತ್ತಿದ್ದ. ಈಗ ಅಳು ಬರುವಂತಾಯಿತು.

ಉಳಿದದ್ದು ಒಂದೇ ದಾರಿ. ಆಫೀಸರು ಬರಬೇಕಾಗಿದ್ದ ಹನ್ನೊಂದರ ಬಸ್ಸು ಮಳೆಗಾಲದಲ್ಲಿ ಒಂದಕ್ಕೆ ಮೊದಲು ಬಂದ ದಾಖಲೆ ಇರಲಿಲ್ಲ. ಶೀನಪ್ಪ ಗದ್ದೆಯ ಬದಿಯ ಗುಡಿಸಲಿನಿಂದ ಮಳೆಗೆ ಹೊದೆಯುವ ಎಲೆಯ ಗೊರಬೊಂದನ್ನು ಎತ್ತಿಕೊಂಡ; ಕೊಡೆ ಬದಿಗಿಟ್ಟು, ಅಂಗಿ ಬಿಚ್ಚಿಟ್ಟು, ಗುರುತು ಸಿಗದಂತೆ ಅದನ್ನು ತಲೆಯಿಂದ ಬೆನ್ನಿನ ತನಕ ಹೊದ್ದು ತೋಡಿಗೆ ಇಳಿದ. ಓದುವುದು ಶಾಸ್ತ್ರ, ಹಾಕುವುದು ಗಾಳ ಎನ್ನುತ್ತಾರಲ್ಲ, ಪಾಪ, ಅವನ ಹತ್ತಿರ ಗಾಳವೂ ಇರಲಿಲ್ಲ. ಬರಿಗೈಯಲ್ಲಿ ತಡಕಿದ.

ಎರಡು ಸಲ ಜಾರಿ ಬಿದ್ದ. ಮೂರನೆಯ ಸಲ ಮೊಳಕೈ ಉದ್ದದ ಮುಗುಡು ಮೀನೊಂದು ತಾನಾಗಿಯೇ ಅವನ ಕಾಲ ಸಂದಿಗೆ ನುಗ್ಗಿತು. ಹಿಡಿದ. ಅದು ಕಿವಿಯ ಬದಿಯ ಮುಳ್ಳಿನಿಂದ ಕೈಗೆ ಚುಚ್ಚಿತು. ಉರಿಗೆ ಕಣ್ಣಲ್ಲಿ ನೀರು ಬಂದರೂ ಬಿಡದೆ ಎದೆಗೆ ಅವುಚಿಕೊಂಡು ದಂಡೆ ಹತ್ತಿದ. ಗೊರಬು ನೀರಿನ ಪಾಲಾಗಿತ್ತು.

ದಂಡೆಯ ಮೇಲೆ ಸುಧಾಕರ ಶೆಟ್ಟರು ನಿಂತಿದ್ದರು. ಬಸ್ಸು ತನ್ನ ಆಯುಷ್ಯದಲ್ಲೇ ಮೊದಲ ಬಾರಿಗೆ ಹೊತ್ತಿಗೆ ಸರಿಯಾಗಿ ಬಂದಿತ್ತು. ಪಕ್ಕದಲ್ಲಿ ಗುರುವಪ್ಪ, ಹಿಂದೆ ಹತ್ತಿಪ್ಪತ್ತು ಜನ.

"ಇದೇನು ಶೀನಪ್ಪ?" ಎಂದರು ಶೆಟ್ಟರು.

ಶೀನಪ್ಪನಿಗೆ ಖಾಯಂ ಕೆಲಸ ತೋಡಿನಲ್ಲಿ ತೇಲಿಹೋಗುವುದು ಕಣ್ಣಿಗೆ ಕಟ್ಟಿತು. ಮೀನು ಅವನ ಎದೆಗೆ ಬಾಲದಿಂದ ಬಡಿಯುತ್ತಿತ್ತು.

"ಬೇರಿಗೆ ಸಿಕ್ಕಿಹಾಕಿಕೊಂಡು ಒದ್ದಾಡ್ತಾ ಇತ್ತು ಸಾರ್. ಬಸುರಿ ಮೀನು. ಮೇಲಿನ ಗದ್ದೆಗೆ ದಾಟಿಸುವ ಅಂತ."

ಶೆಟ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ," ಎಂದರು ಜನರ ಕಡೆ ತಿರುಗಿ, "ಕೈಯಲ್ಲಿ ರಕ್ತ ಬರ್ತಾ ಉಂಟು, ಆದರೂ ಬಿಡಲಿಲ್ಲ. ಸೇವೆ ಅಂದರೆ ಇದು."

ಚಪ್ಪಾಳೆ ಬಿತ್ತು. ಶೀನಪ್ಪ ಮೆರವಣಿಗೆಯಲ್ಲಿ ಮೇಲಿನ ಗದ್ದೆಗೆ ನಡೆದ. ಸ್ವರ್ಣಲತಾಳ ಪುಳಿಮುಂಚಿಯನ್ನು ತನ್ನ ಕೈಯಾರೆ ನೀರಿಗೆ ಬಿಟ್ಟ. ಅದು ಒಮ್ಮೆ ಮೀಸೆ ಅಲ್ಲಾಡಿಸಿ ಕೆಸರಿನಲ್ಲಿ ಮಾಯವಾಯಿತು.

"ಶಿಫಾರಸು ಇವತ್ತೇ ಬರೀತೇನೆ," ಎಂದರು ಶೆಟ್ಟರು. "ನೀವು ಮಾತ್ರ ಸಂಜೆ ತನಕ ಇಲ್ಲೇ ಕಾವಲಿರಿ. ಬಸ್ಸಿನ ದಾರಿ ನನಗೆ ಗೊತ್ತುಂಟು."

ಶೀನಪ್ಪ ಬದುವಿನ ಮೇಲೆ ಕೊಡೆ ಹಿಡಿದು ಕೂತ. ಮೀನು ಹೋದರೂ ಕೆಲಸ ಉಳಿಯಿತಲ್ಲ, ಖಾಯಂ ಆಗುವ ಸುದ್ದಿ ಹೇಳಿ ಹೇಗಾದರೂ ಸಮಾಧಾನ ಮಾಡಬಹುದು ಎಂದುಕೊಂಡ. ಬೆಳಕು ಮಾಸುವಾಗ ಎದ್ದು ಮನೆಗೆ ನಡೆದ.

ಮೆಟ್ಟಿಲ ಬುಡಕ್ಕೆ ಬರುವಾಗಲೇ ಪುಳಿಮುಂಚಿಯ ಪರಿಮಳ ಮೂಗಿಗೆ ಬಡಿಯಿತು. ಒಳಗೆ ಸ್ವರ್ಣಲತಾ ಚಾಪೆಯ ಮೇಲೆ ಕಾಲು ಚಾಚಿ, ತೃಪ್ತಿಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

"ಎಲ್ಲಿಂದ ಬಂತು?" ಎಂದ ಶೀನಪ್ಪ.

"ಎಲ್ಲಿಂದ ಅಂದರೆ? ಊರಿಂದ," ಎಂದರು ಪದ್ಮಾಕ್ಷಿ. "ನೀವು ಆಚೆ ಹೋದ ಕೂಡಲೇ ಹುಕ್ರಪ್ಪನ ಹೆಂಡತಿ ತಂದಳು. ಆಮೇಲೆ ಲೋಲಾಕ್ಷಿ. ಗುರುವಪ್ಪ ಬಾಳೆಲೆಯಲ್ಲಿ ಕಟ್ಟಿ ಕಳಿಸಿದ. ಏಳು ಮನೆಯವರೂ ಹಿಡಿದದ್ದನ್ನೆಲ್ಲ ಇಲ್ಲಿಗೇ ಕೊಟ್ಟಿದ್ದಾರೆ. ಮನೆಯಲ್ಲಿಟ್ಟರೆ ನೀವು ಹುಡುಕ್ಲಿಕ್ಕೆ ಬರ್ತೀರಿ ಅಂತ ಹೆದರಿಕೆ, ಬಸುರಿಗೆ ಕೊಟ್ಟರೆ ಪುಣ್ಯವೂ ಆಯ್ತು. ನಿಮಗೆ ಮಾತ್ರ ಹೇಳಬೇಡಿ ಅಂದರು, ನೀವು ಸರ್ಕಾರ ಅಲ್ವಾ."

ಬೆಳಗಿನಿಂದ ಊರೆಲ್ಲ ಬೇಡಿದ ಮೀನು ತನ್ನ ಒಲೆಯ ಮೇಲೆಯೇ ಕುದಿದಿತ್ತು. ಶೀನಪ್ಪನಿಗೆ ನಗು ಬಂತು. ಹೆಂಡತಿಯ ಬಯಕೆಯೂ ತೀರಿತು, ಕೆಲಸವೂ ಉಳಿಯಿತು. ಮನಸ್ಸು ಹಗುರಾಗಿ ಮಣೆ ಎಳೆದು ಕೂತ.

"ಹಾಗಾದರೆ ನನಗೂ ಬಡಿಸಿ ಅತ್ತೆ. ಬೆಳಗಿಂದ ಬರೀ ಬೆಲ್ಲ ನೀರು."

ಪದ್ಮಾಕ್ಷಿ ಗಂಜಿಯನ್ನೂ ಉಪ್ಪಿನಕಾಯಿಯನ್ನೂ ತಂದಿಟ್ಟರು. "ನಿಮಗೆ ಅಂತ ಮೀನಿನ ಸಾರು ತೆಗೆದಿಟ್ಟಿದ್ದೆ. ಮಧ್ಯಾಹ್ನ ನಿಮ್ಮ ಆಫೀಸರು ಬಸ್ಸಿಗೆ ಹೋಗುವಾಗ ಕುಡಿಯಲು ನೀರು ಕೇಳಿ ಬಂದರು. ಅಷ್ಟು ದೊಡ್ಡವರು, ಊಟದ ಹೊತ್ತು, ಹಾಗೇ ಕಳಿಸುವುದು ಹೇಗೆ? ಎಲೆ ಹಾಕಿದೆ. ಪಾಪ, ನಾಲ್ಕು ಸಲ ಹಾಕಿಸಿಕೊಂಡರು. ಮೊಟ್ಟೆಯ ತುಂಡು ಕೇಳಿ ಕೇಳಿ ತಿಂದರು. ಹೋಗುವಾಗ ನಿಮಗೆ ಒಂದು ಕಾಗದ ಬರೆದಿಟ್ಟಿದ್ದಾರೆ."

ಶಿಫಾರಸಿನ ಪ್ರತಿಯಿರಬೇಕೆಂದು ಶೀನಪ್ಪ ಆಸೆಯಿಂದ ಬಿಡಿಸಿದ. ದೀಪದ ಹತ್ತಿರ ಹಿಡಿದು ಓದಿದ.

'ಗ್ರಾಮಸೇವಕರ ಮನೆಯಲ್ಲಿ ಇಂದು ಮೊಟ್ಟೆಯುಳ್ಳ ಉಬರ್ ಮೀನಿನ ಸಾರು ಕಂಡುಬಂದಿರುತ್ತದೆ. ಸದರಿ ಮೀನು ಸರ್ಕ್ಯುಲರಿನಲ್ಲಿ ಹೇಳಿದ ಮೀನೇ ಎಂಬುದನ್ನು ಖುದ್ದು ರುಚಿ ನೋಡಿ ಖಾತ್ರಿಪಡಿಸಿಕೊಳ್ಳಲಾಗಿದೆ. ಮೂರು ದಿನಗಳೊಳಗೆ ಸಮಜಾಯಿಷಿ ಕೊಡತಕ್ಕದ್ದು. ಅಲ್ಲಿಯವರೆಗೆ ಖಾಯಂ ಮಾಡುವ ವಿಚಾರವನ್ನು ತಡೆಹಿಡಿಯಲಾಗಿದೆ.'

ಪದ್ಮಾಕ್ಷಿ ಸೆರಗಿಗೆ ಕೈ ಒರೆಸುತ್ತ ಹತ್ತಿರ ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಏನು ಬರೆದಿದ್ದಾರೆ?"

ಶೀನಪ್ಪ ಕಾಗದವನ್ನು ಮಡಚಿದ. ಚಾಪೆಯ ಮೇಲೆ ಹೆಂಡತಿ ಆಗಲೇ ನಿದ್ದೆ ಹೋಗಿದ್ದಳು.

"ಸಾರು ಒಳ್ಳೇದಾಗಿತ್ತಂತೆ ಅತ್ತೆ," ಎಂದು ಹೇಳಿ ಗಂಜಿಗೆ ಕೈ ಹಾಕಿದ.