ತಾತಾ ಎಂಬ ಫೋಲ್ಡರ್

ವೆಲಿಸಾವನಿಗೆ ಜರ್ಮನ್ ಬರುತ್ತಿರಲಿಲ್ಲ. ಅವನ ಮನೆಯ ಉಗ್ರಾಣದಲ್ಲಿ, ಸೌತೆಕಾಯಿ ಉಪ್ಪಿನಕಾಯಿಯ ಜಾಡಿಗಳ ನಡುವೆ ಕೂತಿದ್ದ ಬ್ಯಾಕಪ್ ಡಬ್ಬಿಗೆ ಜರ್ಮನ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮ್ಯೂನಿಕ್‌ನಲ್ಲಿ ಟೈಲ್ಸ್ ಕೆಲಸ ಮಾಡುವ ದೊಡ್ಡಪ್ಪನ ಮಗ ಅದನ್ನು ತಂದುಕೊಟ್ಟಿದ್ದ. ಎರಡು ವರ್ಷ ಅವರಿಬ್ಬರೂ ಒಂದೂ ಮಾತಿಲ್ಲದೆ ಚೆನ್ನಾಗಿಯೇ ಸಂಸಾರ ಮಾಡಿದ್ದರು. ಡಬ್ಬಿ ಪ್ರತಿದಿನ ಬೆಳಗಿನ ಜಾವ ಲ್ಯಾಪ್‌ಟಾಪ್‌ನಿಂದ ತಾನೇ ನಕಲು ತೆಗೆದುಕೊಂಡು ಹಸಿರು ದೀಪ ಹಚ್ಚುತ್ತಿತ್ತು. ವೆಲಿಸಾವ್ ಎದ್ದು, ದೀಪ ನೋಡಿ, ಕಾಫಿಗೆ ನೀರಿಡುತ್ತಿದ್ದ.

ಆ ಶುಕ್ರವಾರ ದೀಪ ಕೆಂಪಾಗಿತ್ತು. ಅಡುಗೆಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಬೇರೆ ಹಳೆಯ ಹೊಲಿಗೆ ಯಂತ್ರದ ಹಾಗೆ ಕಟಕಟ ಎನ್ನತೊಡಗಿತ್ತು.

ಲ್ಯಾಪ್‌ಟಾಪ್‌ನಲ್ಲಿ ಇದ್ದದ್ದು ಅವನ ಅಪ್ಪ ಒಬ್ರೆನ್‌ನ ದನಿ. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ ಮುದುಕ ಕೊನೆಯ ಮೂರು ಚಳಿಗಾಲ ಮಗನ ಮುಂದೆ ಕೂತು ಮಾತಾಡಿದ್ದ: ಯಾರ ಪ್ಲಮ್ ತೋಟದ ಗಡಿಕಲ್ಲು ಎಲ್ಲಿತ್ತು, ಯಾವ ಗಾಡಿ ಯಾಕೆ ತಡವಾಯಿತು, ಯಾವ ನೆಂಟ ಯಾಕೆ ಅಯೋಗ್ಯ. ಅರ್ಧ ಬೈಗುಳ, ಕಾಲುಭಾಗ ಕೆಮ್ಮು. ಒಟ್ಟು ಇನ್ನೂರ ಹದಿನಾಲ್ಕು ಧ್ವನಿಮುದ್ರಣಗಳು, ಎಲ್ಲವೂ ‘ತಾತಾ’, ಅವರ ಭಾಷೆಯಲ್ಲಿ ಅಪ್ಪ, ಎಂಬ ಫೋಲ್ಡರಿನಲ್ಲಿ. ಮುದುಕ ಸತ್ತು ನಾಳೆಗೆ ವರ್ಷ. ಸ್ಮಶಾನದಿಂದ ಬಂದು ಊಟಕ್ಕೆ ಕೂರುವ ನಲವತ್ತು ನೆಂಟರಿಗೆ ಆ ದನಿ ಕೇಳಿಸುತ್ತೇನೆಂದು ವೆಲಿಸಾವ್ ಅಕ್ಕ ದೇಸಾಂಕಾಗೆ ಮಾತು ಕೊಟ್ಟಿದ್ದ.

ಲ್ಯಾಪ್‌ಟಾಪ್ ಸಾಯುವ ಮೊದಲು ಒಂದು ಪೆನ್‌ಡ್ರೈವಿಗಾದರೂ ತುಂಬಿಕೊಳ್ಳೋಣವೆಂದು ಅವನು ಅಂಗಡಿಗೆ ಹೊರಟ. ಮೆಟ್ಟಿಲ ಮೇಲೆ ಜಿವಾದಿನ್ ಸಿಕ್ಕ. ಜಿವಾದಿನ್ ಆ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷ. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆದವನು.

“ಎಲ್ಲಿಗಯ್ಯಾ, ಮನೆ ಚಪ್ಪಲೀಲೇ ಹೊರಟಿದೀಯ?”

ವೆಲಿಸಾವ್ ವಿಷಯ ಹೇಳಿದ.

“ಪೆನ್‌ಡ್ರೈವಾ? ಮನೇಲಿ ಜರ್ಮನ್ ಡಬ್ಬಿ ಇಟ್ಕೊಂಡು ಪೆನ್‌ಡ್ರೈವ್ ತರೋಕೆ ಹೋಗ್ತಾನಂತೆ! ಕಾರು ಮನೇಲಿ ನಿಲ್ಸಿ ಬಸ್ಸಿಗೆ ಕಾದಂಗಾಯ್ತು. ನಡಿ ಒಳಗೆ, ನೋಡೋಣ.”

“ಅಧ್ಯಕ್ಷರೇ, ಹತ್ತು ನಿಮಿಷ ಅಷ್ಟೇ, ತಂದ್ಬಿಡ್ತೀನಿ...”

“ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?”

ಚಾಚಾಕ್ ಊರಿನಲ್ಲಿ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ವೆಲಿಸಾವ್ ವಾಪಸ್ ಬಂದು ಅಧ್ಯಕ್ಷನಿಗೆ ಕಾಫಿ ಮಾಡಿದ.

ಜಿವಾದಿನ್ ಒಂದು ಕಾಲದಲ್ಲಿ ಎಂಟು ತಿಂಗಳು ಜರ್ಮನಿಯಲ್ಲಿ ಗೋಡೆಗೆ ಬಣ್ಣ ಬಳಿದಿದ್ದ. ಡಬ್ಬಿಯ ಪುಟ್ಟ ಪರದೆಯ ಮೇಲಿದ್ದ ಎರಡು ಪದಗಳನ್ನು ಅವನು ವೈದ್ಯರು ನಾಲಿಗೆ ನೋಡುವಂತೆ ಬಗ್ಗಿ ನೋಡಿದ.

“ಮೊದಲನೇದು ಅಂದ್ರೆ ನೀರಿನ ಚಿಲುಮೆ. ಎರಡನೇದು ಖಾಲಿ. ಚಿಲುಮೆ ಖಾಲಿ ಅಂತಿದೆ.”

“ಅಂದ್ರೆ?”

“ಅಂದ್ರೆ ಹರಿವು ನಿಂತಿದೆ. ನೆಟ್ಟು ಹರೀತಿಲ್ಲ.”

ಅನುವಾದದಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ನಂಬಿ ಜಿವಾದಿನ್ ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತರವರೆಗೆ ಎಣಿಸಿದ. ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿಹೋದವು. ಮನೆಯಲ್ಲಿದ್ದ ಯಾವ ಯಂತ್ರಕ್ಕೂ ಇನ್ನೊಂದರ ಗುರುತು ಉಳಿಯಲಿಲ್ಲ.

“ಈಗ ಶುದ್ಧ ಆಯ್ತು,” ಎಂದ ಅಧ್ಯಕ್ಷ. “ಇನ್ನು ತಂತಿ ಎಳೀಬೇಕು. ಸೈನ್ಯದಲ್ಲಿ ವೈಫೈ ಇತ್ತಾ?”

ತನ್ನ ಮನೆಯಿಂದ ಉದ್ದದ ಕೇಬಲ್ ತಂದು ಉಗ್ರಾಣದಿಂದ ಅಡುಗೆಮನೆಯವರೆಗೆ ನೆಲದ ಮೇಲೆ ಎಳೆದ. ಸಿಕ್ಕಿಸಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ, ಎದುರು ಮನೆಯ ಸ್ತಾಮೆಂಕಾ ಒಳಗೆ ಬಂದರು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಮಾಡಿದವರು. ನಾಳೆಯ ಊಟಕ್ಕೆಂದು ವಾಲ್‌ನಟ್ ಕೇಕ್ ತಂದಿದ್ದರು.

“ಬಾಗಿಲೂ ತೆಗ್ದಿದೀರಾ, ಕಿಟಕೀನೂ ತೆಗ್ದಿದೀರಾ! ಅಡ್ಡಗಾಳಿ ಹೊಡೆದು ಸಾಯೋ ಆಸೇನಾ?”

ಅಡ್ಡಗಾಳಿಯಿಂದ ಕಿವಿ, ಸೊಂಟ, ಮೂತ್ರಪಿಂಡ ಕ್ರಮವಾಗಿ ಕೆಡುತ್ತವೆ ಎಂಬುದರಲ್ಲಿ ಆ ಕಟ್ಟಡದ ಯಾರಿಗೂ ಸಂಶಯವಿರಲಿಲ್ಲ. ಸ್ತಾಮೆಂಕಾ ಕಿಟಕಿ ಮುಚ್ಚಿದರು. ಆಮೇಲೆ ಅಡುಗೆಮನೆಯ ಬಾಗಿಲನ್ನು ಸೊಂಟದಿಂದ ತಳ್ಳಿ ಮುಚ್ಚಿದರು. ನಡುವೆ ಕೇಬಲ್ ಇತ್ತು.

“ಟೀಚರಮ್ಮಾ! ತಂತಿ!”

“ತಂತಿ ಇನ್ನೊಂದು ಸಿಗುತ್ತೆ. ಕಿಡ್ನಿ ಸಿಗುತ್ತಾ?”

ಜಿವಾದಿನ್ ಇನ್ನೊಂದು ಕೇಬಲ್ ತರಲು ಹೋದ. ಮುಚ್ಚಿದ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಸ್ತ್ರಿಪೆಟ್ಟಿಗೆಯಂತೆ ಕಾಯತೊಡಗಿತು. ಕಟಕಟ ಸದ್ದು ಕಟಕ್, ಕಟಕ್ ಎಂದು ನಿಂತು ನಿಂತು ಬರತೊಡಗಿತು. ವೆಲಿಸಾವ್ ಅದಕ್ಕೆ ಪೇಪರಿನಿಂದ ಗಾಳಿ ಹಾಕಿದ.

“ಟೀಚರಮ್ಮ, ನಾನು ಓಡಿಹೋಗಿ ಒಂದು ಪೆನ್‌ಡ್ರೈವ್...”

“ಕೂತ್ಕೋ. ದೊಡ್ಡೋರು ಕೆಲಸ ಮಾಡೋವಾಗ ಮಧ್ಯೆ ಓಡಾಡಬಾರದು.”

ವೆಲಿಸಾವನಿಗೆ ಐವತ್ತೊಂದು ವರ್ಷ. ಅವನು ಕೂತ.

ಎರಡನೆಯ ಕೇಬಲ್ ಬಂತು, ಹತ್ತಿತು. ಲ್ಯಾಪ್‌ಟಾಪ್ ಮತ್ತು ಡಬ್ಬಿ ಒಂದನ್ನೊಂದು ಗುರುತಿಸಿದವು. ದೀಪ ಮಾತ್ರ ಕೆಂಪಾಗಿಯೇ ಇತ್ತು. ಅದೇ ಎರಡು ಪದ.

“ನಂಗೊತ್ತಾಯ್ತು,” ಎಂದ ಜಿವಾದಿನ್. “ನಿನ್ನೆ ಇದು ತಾನಾಗೇ ಅಪ್‌ಡೇಟ್ ಆಗಿದೆ ನೋಡು, ತಾರೀಖು ಇದೆ. ಆಫೀಸಿಗೆ ಹೊಸದಾಗಿ ಸೇರಿದ ಗುಮಾಸ್ತನ ಥರ. ನಿನ್ನೆವರೆಗೂ ನಡೀತಿದ್ದಕ್ಕೆಲ್ಲ ಇವತ್ತು ತಕರಾರು.” ಅವನು ಡಬ್ಬಿಯ ಪಟ್ಟಿಯಲ್ಲಿ ಕೆಳಗಿಳಿಯುತ್ತ ಹೋಗಿ ಒಂದು ಸಾಲಿನಲ್ಲಿ ನಿಂತ. “ಇಗೋ, ಇಲ್ಲಿದೆ. ಖಾಲಿ ಇದ್ದರೆ ಎಚ್ಚರಿಸು ಅಂತ. ಏನಯ್ಯಾ ಖಾಲಿ? ಎಲ್ಲಿ ಖಾಲಿ?”

ವೆಲಿಸಾವ್ ಲ್ಯಾಪ್‌ಟಾಪ್‌ನಲ್ಲಿ ತಾತಾ ಫೋಲ್ಡರ್ ತೆರೆದ. ಇನ್ನೂರ ಹದಿನಾಲ್ಕೂ ಸಾಲಾಗಿ ಇದ್ದವು. ಟೀಚರಮ್ಮ ಸಂಖ್ಯೆಯನ್ನು ಜೋರಾಗಿ ಓದಿದರು.

“ನೋಡಿದ್ರಾ? ಸುಳ್ಳು ಹೇಳ್ತಿದೆ,” ಎಂದು ಜಿವಾದಿನ್ ಆ ಎಚ್ಚರಿಕೆಯನ್ನು ತೆಗೆದುಹಾಕಿದ.

ಡಬ್ಬಿ ಎರಡು ಸೆಕೆಂಡು ಯೋಚಿಸಿ ಹಸಿರಾಯಿತು. ನಕಲು ಪೂರ್ಣ, ತಪ್ಪುಗಳು ಸೊನ್ನೆ ಎಂದಿತು. ಅಷ್ಟು ಜರ್ಮನ್ ಟೀಚರಮ್ಮನಿಗೂ ಅರ್ಥವಾಯಿತು.

ವೆಲಿಸಾವ್ ಶಿಲುಬೆಯ ಗುರುತು ಹಾಕಿಕೊಂಡು, ಮೂವರಿಗೂ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಸುರಿದ. ಕುಡಿಯುವ ಮೊದಲು ಒಬ್ಬೊಬ್ಬರೂ ಸತ್ತವನ ಹೆಸರಿನಲ್ಲಿ ಒಂದೊಂದು ತೊಟ್ಟು ನೆಲಕ್ಕೆ ಚೆಲ್ಲಿದರು. ಎರಡನೆಯ ಸುತ್ತಿನಲ್ಲಿ ಲ್ಯಾಪ್‌ಟಾಪ್ ಒಮ್ಮೆ ಕೀರಿ ಸುಮ್ಮನಾಯಿತು. ಪರದೆ ಕಪ್ಪಾಯಿತು. ಮತ್ತೆ ಹತ್ತಲಿಲ್ಲ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

“ಹೋಗ್ಲಿ ಬಿಡು, ಸಮಯಕ್ಕೆ ಸರಿಯಾಗಿ ನಾನಿದ್ದೆ,” ಎಂದ ಜಿವಾದಿನ್. “ನಾಳೆಗೆ ನನ್ನ ಲ್ಯಾಪ್‌ಟಾಪ್ ಇಟ್ಕೋ. ಡಬ್ಬಿಯಿಂದ ನೇರ ಹಾಕಿದ್ರಾಯ್ತು. ಈಗ್ಲೇ ಒಂದು ಕೇಳೋಣ, ನನ್ನನ್ನ ಬೈದಿರೋದು ಇದ್ರೆ ಅದನ್ನೇ ಹಾಕು.”

ಅವನ ಲ್ಯಾಪ್‌ಟಾಪ್ ತಂದು ಸಿಕ್ಕಿಸಿದರು. ಡಬ್ಬಿಯೊಳಗೆ ತಾತಾ ಇತ್ತು. ವೆಲಿಸಾವ್ ಒತ್ತಿದ. ಬಿಳಿ ಪರದೆ. ಅದರೊಳಗೆ ಏನೂ ಇರಲಿಲ್ಲ. ಮುಚ್ಚಿ ತೆರೆದ. ಜಿವಾದಿನ್ ಮುಚ್ಚಿ ತೆರೆದ. ಏನೂ ಇರಲಿಲ್ಲ.

ಟೀಚರಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಂದರು.

“ವೆಲಿಸಾವ್, ಇದನ್ನ ಯಾವ ಅಕ್ಷರದಲ್ಲಿ ಬರ್ದಿದೀಯ?”

“ಯಾವ ಅಕ್ಷರ ಅಂದ್ರೆ? ತಾತಾ ಅಂತ.”

“ಒಂದನೇ ಕ್ಲಾಸಲ್ಲಿ ಕಲ್ತಿದ್ದರಲ್ಲೋ, ಎರಡನೇ ಕ್ಲಾಸಲ್ಲಿ ಕಲ್ತಿದ್ದರಲ್ಲೋ?”

ಅವರ ಭಾಷೆಗೆ ಎರಡು ಲಿಪಿ: ಒಂದನೆಯ ಕ್ಲಾಸಿನಲ್ಲಿ ಸಿರಿಲಿಕ್, ಎರಡನೆಯದರಲ್ಲಿ ಲ್ಯಾಟಿನ್. ಎರಡರಲ್ಲೂ ‘ತಾತಾ’ ಎಂದು ದೊಡ್ಡಕ್ಷರದಲ್ಲಿ ಬರೆದರೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಕಂಪ್ಯೂಟರಿಗೆ ಮಾತ್ರ.

ವೆಲಿಸಾವ್ ನಿಧಾನವಾಗಿ ಕೂತ. “ಫೋಲ್ಡರ್ ಮಾಡೋವಾಗ ಅಪ್ಪ ಪಕ್ಕದಲ್ಲೇ ಇದ್ರು. ‘ನನ್ನನ್ನ ಔಷಧಿ ಸೀಸೆ ಮೇಲಿನ ಅಕ್ಷರದಲ್ಲಿ ಬರೀಬೇಡ’ ಅಂದ್ರು. ಸಿರಿಲಿಕ್‌ನಲ್ಲಿ ಬರೆದೆ.”

“ಡಬ್ಬಿಗೆ ಯಾವ ಫೋಲ್ಡರ್ ನಕಲು ಮಾಡ್ಬೇಕು ಅಂತ ಹೇಳೋವಾಗ?”

“ಡಬ್ಬೀಲಿ ಸಿರಿಲಿಕ್ ಒತ್ತೋಕೆ ಬರ್ತಿರಲಿಲ್ಲ. ಲ್ಯಾಟಿನ್‌ನಲ್ಲಿ ಒತ್ತಿದೆ.”

ಆ ಹೆಸರಿನ ಫೋಲ್ಡರ್ ಲ್ಯಾಪ್‌ಟಾಪ್‌ನಲ್ಲಿ ಸಿಗದೆ ಡಬ್ಬಿ ಅಲ್ಲೇ ತಾನಾಗಿ ಒಂದು ಖಾಲಿ ಫೋಲ್ಡರ್ ಮಾಡಿಕೊಂಡಿತ್ತು. ಎರಡು ವರ್ಷ ದಿನವೂ ಅದರೊಳಗಿನ ಬರಿದನ್ನು ತಪ್ಪಿಲ್ಲದೆ ನಕಲು ಮಾಡಿತ್ತು. ಜರ್ಮನ್‌ನಲ್ಲಿ ಚಿಲುಮೆ ಎನ್ನುವ ಪದಕ್ಕೆ ನಕಲು ತೆಗೆಯುವ ಮೂಲ ಎಂದೂ ಅರ್ಥ.

“ಎರಡು ತಾತಾ ಕಾಣ್ತಿತ್ತು,” ಎಂದ ವೆಲಿಸಾವ್. “ಒಂದು ಅಸಲು, ಒಂದು ನಕಲು ಅಂದ್ಕೊಂಡಿದ್ದೆ.”

“ಹಾಗಾದ್ರೆ ತಂತೀದೇನೂ ತಪ್ಪಿರಲಿಲ್ಲ,” ಎಂದ ಜಿವಾದಿನ್. ಆಮೇಲೆ ತನ್ನ ಕೇಬಲ್ ಸುತ್ತಿಕೊಳ್ಳತೊಡಗಿದ.

ಆಗ ದೇಸಾಂಕಾ ನಾಳೆಯ ತಿಥಿಗೆಂದು ಬೇಯಿಸಿದ ಗೋಧಿಯ ತಟ್ಟೆ ಹಿಡಿದು ಬಂದಳು. ಮೂವರ ಮುಖ ನೋಡಿ, ತಟ್ಟೆಯನ್ನು ಕೆಳಗಿಡದೆ ಕೇಳಿದಳು:

“ಏನಾಯ್ತೋ?”

ವೆಲಿಸಾವ್ ಹೇಳಿದ. ಅವಳು ಎರಡು ಸಲ ಹೇಳಿಸಿಕೊಂಡಳು.

ಮರುದಿನದ ಊಟ ಬೇಗ ಮುಗಿಯಿತು. ಸೋಮವಾರ ರಿಪೇರಿ ಅಂಗಡಿಯವನು ಡಿಸ್ಕ್ ಬಿಚ್ಚಿ, ಅದರ ಮೇಲೆ ಸುತ್ತಲೂ ಎದ್ದಿದ್ದ ಗೀರು ತೋರಿಸಿ, ಮತ್ತೆ ಮುಚ್ಚಿ ಕೊಟ್ಟ. ಹೋದದ್ದು ಇನ್ನೂರ ಹದಿನಾಲ್ಕು ಧ್ವನಿಮುದ್ರಣ. ಅರವತ್ತೊಂದು ಗಂಟೆ, ಹದಿನೇಳು ನಿಮಿಷ.