ಷಡ್ಡಕರ ಜ್ವಾಲಾಮುಖಿ

ಲಂಡನ್ನಿನ ಹ್ಯಾರೋದಲ್ಲಿ ಒಂದು ಜ್ವಾಲಾಮುಖಿಯಿದೆ ಎಂದರೆ ನೀವು ನಗುತ್ತೀರಿ. ನನ್ನ ಷಡ್ಡಕರ ಮನೆಯಲ್ಲಿ ಒಂದು ಭಾನುವಾರ ಕಳೆದು ಬನ್ನಿ, ಆಮೇಲೆ ಮಾತನಾಡೋಣ!

ಧಾರವಾಡದ ಈ ವೈದ್ಯರು ತೊಂಬತ್ತರ ದಶಕದಲ್ಲಿ ಕೆರಿಬಿಯನ್ ದ್ವೀಪವೊಂದರ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು ಬಂದವರು. ಅಲ್ಲಿ ಬೆಟ್ಟ ಬೆಂಕಿ ಉಗುಳಿತು, ಊರ ಮೇಲೆ ಬೂದಿ ಸುರಿಯಿತು. ಅಂದಿನಿಂದ ಇವರು ಯಾವ ಆಕಾಶವನ್ನೂ ನಂಬರು. ಮೋಡ ಕಪ್ಪಿಟ್ಟರೆ ಕಿಟಕಿಯ ಸಂದಿಗಳಿಗೆ ಒದ್ದೆ ಟವೆಲು, ಕಾರಿಗೆ ತಾಡಪತ್ರಿ. ಲಂಡನ್ನಿನಲ್ಲಿ ಮೋಡ ಕಪ್ಪಿಡದ ದಿನವಾದರೂ ಯಾವುದು? ಆ ಕಾರಿನ ಬಣ್ಣ ಯಾವುದೆಂದು ನೆರೆಹೊರೆಗೆ ಇಂದಿಗೂ ತಿಳಿಯದು! ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಹಿತ್ತಲಿನಲ್ಲಿ ಬಾರ್ಬೆಕ್ಯೂ ಒಲೆ ಹಚ್ಚಿದಾಗ ಇವರು ಬೇಲಿಯ ಮೇಲಿಂದ ಮಾಸ್ಕ್ ಚಾಚಿದರು. ಆಕೆ "ಥ್ಯಾಂಕ್ಯೂ, ಡಾಕ್ಟರ್" ಎಂದು ಅದನ್ನು ಧರಿಸಿಯೇ ಸಾಸೇಜು ತಿರುವಿದಳು.

ನಗು ಬಂತೆ? ನನಗೆ ಬರುವುದು ಹೊಟ್ಟೆಕಿಚ್ಚು. ಹೇಳಿಕೊಳ್ಳಲು ನನ್ನ ಬಳಿ ಏನಿದೆ? ಬಸ್ ಸ್ಟಾಪಿನಲ್ಲಿ ಹಿಮದ ಮೇಲೆ ಜಾರಿಬಿದ್ದದ್ದು! ಅದೂ ಹೋಗಲಿ. ಹದಿನಾರು ವರ್ಷ ಊರಿನ ಶಾಲೆಯಲ್ಲಿ ಕನ್ನಡ ಕಲಿಸಿದ ನಾನು ಏನು ಕೇಳಿದರೂ ನನ್ನ ಹನ್ನೊಂದು ವರ್ಷದ ಮಗಳು "ಐ ಡೋಂಟ್ ನೋ, ಡ್ಯಾಡ್" ಎನ್ನುವಳು. ಅದೇ ಮಗಳು ಷಡ್ಡಕರ ಮೊಣಕಾಲಿಗೆ ಒರಗಿ, "ಆಮ್ಯಾಲ ಏನಾತು ದೊಡ್ಡಪ್ಪಾ? ಮಂದಿ ಎಲ್ಲಿಗ್ ಓಡಿದ್ರು?" ಎಂದು ಕೇಳುವಳು. ಅಂಥದೊಂದು ವಾಕ್ಯ ನನ್ನ ಪಾಲಿಗೂ ಬರಲೆಂದು ಎಷ್ಟು ಭಾನುವಾರ ಕಾದಿದ್ದೇನೆ!

ಅಂಥ ಒಂದು ಭಾನುವಾರ ಊಟಕ್ಕೆ ಮುನ್ನ, ಅವರ ದೇವರ ಗೂಡಿನ ಬಟ್ಟಲಿನಿಂದ ಮೂರು ಬೆರಳು ತುಂಬ ವಿಭೂತಿ ತೆಗೆದು ಹಣೆಗೆ ಬಳಿದುಕೊಂಡೆ.

"ಅಯ್ಯಯ್ಯ ಮಾಸ್ತರ! ಅದು ವಿಭೂತಿ ಅಲ್ರೀ, ನನ್ನ ಬೆಟ್ಟದ ಬೂದಿ!" ಎಂದು ಷಡ್ಡಕರು ಕೂಗಿದರು.

"ದೇವರ ಮುಂದ ಯಾಕ ಇಟ್ಟೀರಿ?"

"ಬ್ಯಾರೆ ಕಡೆ ಇಟ್ರ ನಮ್ಮಾಕಿ ಕಸದಾಗ ಚೆಲ್ತಾಳ್ರಿ!"

ಅಷ್ಟರಲ್ಲಿ ಪುಡಿ ಉದುರಿ ಬಲಗಣ್ಣು ಉರಿಯತೊಡಗಿತು. ಉಜ್ಜಲು ಎತ್ತಿದ ಕೈಯನ್ನು ಯಾರೋ ಹಿಡಿದರು.

"ಅಪ್ಪಾ, ತಿಕ್ಕಬ್ಯಾಡ! ಮ್ಯಾಲ ನೋಡು, ನಾ ನೀರ ಹಾಕ್ತೀನಿ."

ಮಗಳು! ಕನ್ನಡದಲ್ಲಿ! ನನಗೆ! ಲೋಟದ ನೀರಿಗೆ ಉರಿ ಬೇಗನೆ ತಣಿಯಿತು. ಇಷ್ಟು ಬೇಗ ತಣಿಯಬೇಕಿತ್ತೆ?

"ಎಡಗಣ್ಣಿಗೂ ಬಿದ್ದದ" ಎಂದು ಸುಳ್ಳು ಹೇಳಿದೆ.

ಷಡ್ಡಕರು ಬಾಗಿ ರೆಪ್ಪೆ ಬಿಡಿಸಿ ನೋಡಿದರು. ಅಲ್ಲಿ ಒಂದು ಕಣವೂ ಇಲ್ಲವೆಂದು ಅಂಥ ವೈದ್ಯರಿಗೆ ತಿಳಿಯದೆ? ಒಂದು ಕ್ಷಣ ನನ್ನ ಮುಖವನ್ನೇ ದಿಟ್ಟಿಸಿದರು.

"ಹೌದವ್ವಾ, ಇದಕ್ಕ ಇನ್ನೂ ಭಾಳ ಬಿದ್ದದ" ಎಂದು ಮಗಳಿಗೆ ಹೇಳಿದರು. "ಗಡಿಬಿಡಿ ಬ್ಯಾಡ. ಅಪ್ಪಗ ಎಲ್ಲಾ ಹೇಳ್ಕೋತ, ಸಾವಕಾಶ ತೊಳಿ."

ಲೋಟವನ್ನು ತಾವೇ ತುಂಬಿ ಅವಳ ಕೈಗಿತ್ತು, ಹೊರಗೆ ಹೋಗಿ ಬಾಗಿಲನ್ನು ಮೆಲ್ಲನೆ ಎಳೆದುಕೊಂಡರು.